ಲಂಗದ ಮಾತು ಸಾಕು

ಬೊಲಿವಿಯಾದ ಐಮಾರಾ ಹೆಂಗಸರು ಗುಂಪು ಕಟ್ಟಿಕೊಂಡು ಹಿಮದ ಪರ್ವತ ಹತ್ತಿದ ಸುದ್ದಿ ನೀವೂ ಓದಿರಬಹುದು. ನಾನು ಕಂಡ ಬರಹಗಳಲ್ಲೆಲ್ಲ ಅವರ ಲಂಗಕ್ಕೇ ಮೊದಲ ಮಣೆ. ಅದರ ನೆರಿಗೆ, ಅದರ ಬಣ್ಣ, ಗಾಳಿಗೆ ಹಾರುವ ಅಂಚು! ಓದಿ ಮುಗಿಸುವಷ್ಟರಲ್ಲಿ ಶಿಖರ ಮುಟ್ಟಿದ್ದು ಹೆಂಗಸರೋ ಲಂಗವೋ ಎಂದೇ ಅನುಮಾನ ಬರುತ್ತದೆ.

ಇವರಲ್ಲಿ ಹಲವರು ವಾಯ್ನಾ ಪೊಟೊಸಿಯ ಬುಡದ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದವರು, ಪರದೇಶದ ಗಿರಾಕಿಗಳ ಹೊರೆ ಹೊತ್ತವರು. ಗಂಡಂದಿರು ದಾರಿ ತೋರಿಸುವವರು. ಹತ್ತಿದವರು ಇಳಿದು ಬರುವಷ್ಟರಲ್ಲಿ ಇವರ ಒಲೆಯ ಮೇಲೆ ಊಟ ಬಿಸಿಯಾಗಿರಬೇಕು. ಮೇಲೆ ಏನಿದೆ ಎಂಬುದನ್ನು ಇಳಿದವರ ಬಾಯಲ್ಲೇ ಕೇಳಬೇಕು. 2015ರ ಡಿಸೆಂಬರಿನಲ್ಲಿ 11 ಮಂದಿ ಸೌಟು ಕೆಳಗಿಟ್ಟು ಆ 6,088 ಮೀಟರ್ ಪರ್ವತವನ್ನು ತಾವೇ ಹತ್ತಿದರು. ಆಮೇಲೆ ಚಿಲಿಯ ಗಡಿಯಲ್ಲಿರುವ ಅಕೊಟಾಂಗೊ, ಪಾರಿನಾಕೋಟಾ. ಎರಡೂ ಹಿಮ ಹೊದ್ದ ಜ್ವಾಲಾಮುಖಿಗಳು, ಎರಡೂ 6,000 ಮೀಟರಿಗೆ ಮೇಲ್ಪಟ್ಟವು. 2019ರ ಜನವರಿಯಲ್ಲಿ ಐವರು ಅರ್ಜೆಂಟೀನಾದ ಅಕೊಂಕಾಗುವಾ ಮುಟ್ಟಿದರು: 6,961 ಮೀಟರ್.

ಅಷ್ಟೆತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧದಷ್ಟು. ಬಿಸಿಲಿಗೆ ಹಿಮ ಮೆತ್ತಗಾಗುವ ಮುನ್ನ ಹತ್ತಿ ಇಳಿಯಬೇಕೆಂದು ನಡುರಾತ್ರಿಯಲ್ಲೇ ಹೊರಡುತ್ತಾರೆ. ಬೂಟಿಗೆ ಉಕ್ಕಿನ ಮುಳ್ಳು, ಕೈಯಲ್ಲಿ ಹಿಮಗೊಡಲಿ, ಒಬ್ಬರ ಸೊಂಟದಿಂದ ಇನ್ನೊಬ್ಬರಿಗೆ ಹಗ್ಗ. ಒಬ್ಬಳು ಜಾರಿದರೆ ಉಳಿದವರು ಹಿಮಕ್ಕೆ ಕೊಡಲಿ ನೆಟ್ಟು ಅವಳನ್ನು ತಡೆಯಬೇಕು. ಬರೆಯಲು ಇದೆಲ್ಲ ಇರುವಾಗ ನೆರಿಗೆ ಎಣಿಸುತ್ತ ಕೂರುವುದೇ?

ಆ ಲಂಗಕ್ಕೆ, ಅವರು ಪೊಯೆರಾ ಎನ್ನುವ ಅದಕ್ಕೆ, ಕತೆಯಿಲ್ಲವೆಂದಲ್ಲ. ಸ್ಪೇನಿನವರ ಆಳ್ವಿಕೆಯಲ್ಲಿ ಬಂದ ಉಡುಗೆ ಅದು. ಅದನ್ನು ತೊಟ್ಟವರನ್ನೇ ಮುಂದೆ ಲಾ ಪಾಸ್ ನಗರದ ಹೋಟೆಲುಗಳ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದುಂಟು. ಚೋಲಿತಾ ಎಂಬ ಮಾತೂ ಬೈಗುಳವಾಗಿತ್ತು. ಬೈಗುಳವನ್ನೇ ಹೆಸರಾಗಿಸಿಕೊಂಡು ಅದೇ ಲಂಗದಲ್ಲಿ ಹತ್ತುವುದು ಅವರ ಹಟ, ಅವರ ಲೆಕ್ಕ. ಅದನ್ನು ‘ಎಷ್ಟು ಚೆಂದ’ ಎಂದು ಮೆಚ್ಚುವವರು ಆ ಹಟವನ್ನು ಗೊಂಬೆ ಮಾಡಿಬಿಡುತ್ತಾರೆ.

ಇನ್ನೊಂದು ಜಾತಿಯ ಮೆಚ್ಚುಗೆ ಇದಕ್ಕಿಂತ ಅಪಾಯದ್ದು. ‘ನೋಡಿ, ಪರ್ವತ ಹತ್ತಿದರೂ ಸಂಪ್ರದಾಯ ಬಿಡಲಿಲ್ಲ!’ ನಾಳೆ ಮಗಳು ಓಟದ ಪಂದ್ಯಕ್ಕೆ ಪ್ಯಾಂಟು ಬೇಕೆಂದರೆ ಇದೇ ಚಿತ್ರ ಹಿಡಿದು ಅವಳ ಬಾಯಿ ಮುಚ್ಚಿಸಬಹುದಲ್ಲ. ಅಂಥವರಿಗೆ ನಾನು ಫೇ ಫುಲ್ಲರಳ ಹೆಸರು ಹೇಳುತ್ತೇನೆ. 1890ರ ಆಗಸ್ಟಿನಲ್ಲಿ ಅಮೆರಿಕದ ರೇನಿಯರ್ ಜ್ವಾಲಾಮುಖಿಯ ತುದಿ ಮುಟ್ಟಿದ ಮೊದಲ ಹೆಂಗಸು, ಶಾಲಾಶಿಕ್ಷಕಿ. ಜೊತೆಗೆ ನಾಲ್ವರು ಗಂಡಸರು. ಅವಳು ತೊಟ್ಟದ್ದು ಫ್ಲಾನೆಲ್ಲಿನ ದೊಗಲೆ ಚಲ್ಲಣ. ಅದನ್ನೇ ಲಜ್ಜೆಗೇಡಿತನ ಎಂದರು. ಅಲ್ಲಿ ಲಂಗ ಬಿಟ್ಟಿದ್ದಕ್ಕೆ ಮಾತು, ಇಲ್ಲಿ ತೊಟ್ಟಿದ್ದಕ್ಕೆ. ಉಡುವುದೇನೆಂದು ಇಬ್ಬರೂ ತಾವೇ ತೀರ್ಮಾನಿಸಿದರು, ಅದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೊಲಿವಿಯಾದ ಆ ಹೆಂಗಸರಲ್ಲಿ ಕೆಲವರು ಈಗ ತಾವೇ ಮಾರ್ಗದರ್ಶಿಗಳಾಗಿ ದುಡಿಯುತ್ತಾರೆ. ಅವರನ್ನು ಮಾತನಾಡಿಸುವವರು ಹಿಮ ಇವತ್ತು ಗಟ್ಟಿಯಿದೆಯೇ, ಎಷ್ಟು ಹೊತ್ತಿಗೆ ಹೊರಡೋಣ, ನಿಮ್ಮ ಕೂಲಿ ಗಂಡಸರಷ್ಟೇ ಇದೆಯೇ ಎಂದು ಕೇಳಲಿ.