ಕಡಲಿಗೆ ಹೊರಡುವ ಮೊದಲು

ಕಳೆದ ತಿಂಗಳು ಹಳೆಯ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವ ವಿಚಾರವನ್ನು ಅರ್ಧಕ್ಕೆ ನಿಲ್ಲಿಸಿ, ಮಿಕ್ಕುದನ್ನು ಈ ಸಂಚಿಕೆಯಲ್ಲಿ ಹೇಳುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಆ ಮಾತು ಈ ಸಲ ತಪ್ಪುತ್ತಿದೆ. ನವರಾತ್ರಿಯ ಗೊಂಬೆಗಳು ಅಟ್ಟದಿಂದ ಇಳಿಯುವುದಕ್ಕೆ ಮೊದಲೇ ನಮ್ಮ ಮನೆಯಲ್ಲಿ ಸಮುದ್ರದ ಮಾತು ಆರಂಭವಾಯಿತು. ಆರಂಭವಾದಮೇಲೆ ಬೇರೆ ಮಾತಿಗೆ ಎಡೆಯಿಲ್ಲದೆ ಹೋಯಿತು. ಗೆದ್ದಲು ಯಾರಿಗಾಗಿಯೂ ಕಾಯುವುದಿಲ್ಲವೆಂಬುದನ್ನು ನಾನು ಬಲ್ಲೆನು. ವಾಚಕರು ಮಾತ್ರ ಕಾಯಬೇಕೆಂದು ನನ್ನ ಪ್ರಾರ್ಥನೆ.

ಮೊದಲು ಮಾತೆತ್ತಿದವನು ನನ್ನ ಮಗ. ಡಿಸೆಂಬರಿನ ರಜೆಯಲ್ಲಿ ಮನೆಮಂದಿಯೆಲ್ಲ ಥಾಯ್ ದೇಶದ ಫುಕೆಟ್ ದ್ವೀಪಕ್ಕೆ ಹೋಗಿಬರಬೇಕೆಂಬುದು ಅವನ ಆಸೆ. ೨೦೨೩ರ ನವೆಂಬರಿನಲ್ಲಿ ಆ ದೇಶದವರು ಭಾರತೀಯರಿಗೆ ವೀಸಾದ ತೊಡಕನ್ನು ಬಿಟ್ಟುಕೊಟ್ಟಮೇಲೆ ಗಾಂಧಿಬಜಾರಿನಲ್ಲಿ ಯಾರನ್ನು ಕಂಡರೂ ಅಲ್ಲಿಗೆ ಹೋಗಿಬಂದವರೇ. ಈ ಪ್ರಸ್ತಾಪ ನನಗೂ ಅಪ್ರಿಯವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಜೀವಮಾನವೆಲ್ಲ ಸಂಸ್ಕೃತವನ್ನು ಪಾಠ ಹೇಳಿದವನಿಗೆ ಆ ನಾಡಿನ ಹೆಸರುಗಳೇ ಒಂದು ಔತಣ. ಅವರ ರಾಜಧಾನಿಯ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅವರ ಹಳೆಯ ರಾಜಧಾನಿ ಅಯುತ್ಥಯವು ನಮ್ಮ ಅಯೋಧ್ಯೆಯ ಹೆಸರನ್ನು ಹೊತ್ತುಕೊಂಡದ್ದು. ಅವರ ರಾಮಾಯಣಕ್ಕೆ ರಾಮಕಿಯೆನ್ ಎಂದು ಹೆಸರು. ನಾನು ಇಷ್ಟನ್ನೂ ಊಟದ ಹೊತ್ತಿನಲ್ಲಿ ವಿವರಿಸುತ್ತಿದ್ದೆನು. ಸೊಸೆಯು ಸಾರು ಬಡಿಸುತ್ತ ಕೇಳುತ್ತಿದ್ದಳು. ಆಗ ನನ್ನ ತಾಯಿಯವರು, ಎಂಬತ್ತನಾಲ್ಕು ವರ್ಷದವರು, ಎಲೆಯಿಂದ ತಲೆಯೆತ್ತದೆಯೇ, “ನೀವೆಲ್ಲ ಹೋಗಿ ಬನ್ನಿ. ನಾನು ಮನೆ ನೋಡಿಕೊಂಡಿರುತ್ತೇನೆ. ಸಮುದ್ರ ಹೇಗಿತ್ತು ಅಂತ ಬಂದು ಹೇಳಿ” ಎಂದರು.

ನನ್ನ ತಾಯಿಯವರು ಸಮುದ್ರವನ್ನು ನೋಡಿಲ್ಲ. ಇದು ನನಗೆ ಅರವತ್ತು ವರ್ಷ ಗೊತ್ತಿದ್ದ ಸಂಗತಿ. ಆ ಹೊತ್ತು ಮೊದಲನೆಯ ಸಲ ಕೇಳಿದಂತಾಯಿತು. ಮಾಗಡಿಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಚಾಮರಾಜಪೇಟೆಗೆ ಬಂದರು, ಅಲ್ಲಿಂದ ಬಸವನಗುಡಿಗೆ. ಅವರು ನೋಡಿದ ದೊಡ್ಡ ನೀರೆಂದರೆ ಕನ್ನಂಬಾಡಿ ಕಟ್ಟೆಯದು. ನಮ್ಮ ತಂದೆಯವರು ರಾಮೇಶ್ವರಕ್ಕೆ ಕರೆದುಕೊಂಡು ಹೋಗುವೆನೆಂದು ವರ್ಷವರ್ಷವೂ ಹೇಳುತ್ತಿದ್ದರು. ಒಂದು ವರ್ಷ ಮಗಳ ಬಾಣಂತನ, ಒಂದು ವರ್ಷ ನನ್ನ ಪರೀಕ್ಷೆಯ ಶುಲ್ಕ, ಒಂದು ವರ್ಷ ಮನೆಯ ಮಾಡು. ತಂದೆಯವರು ಹೋಗಿ ಹನ್ನೆರಡು ವರ್ಷವಾಯಿತು.

ಆ ರಾತ್ರಿ ಮಗನು ನನ್ನ ಕೋಣೆಗೆ ಬಂದು, “ಅಣ್ಣ, ಅಜ್ಜಿಯನ್ನು ವಿಮಾನದಲ್ಲಿ ಕೂರಿಸಿಕೊಂಡು ಹೋಗುವುದಕ್ಕಾಗುವುದಿಲ್ಲ. ಅಜ್ಜಿಯನ್ನು ಬಿಟ್ಟು ಹೋಗುವುದಕ್ಕೂ ಆಗುವುದಿಲ್ಲ. ನಮ್ಮ ಕಡಲಿಗೇ ಹೋಗೋಣ” ಎಂದನು. ಫುಕೆಟ್ಟಿನ ವಿಚಾರ ಅಲ್ಲಿಗೆ ಮುಗಿಯಿತು.

ನಮ್ಮ ಕಡಲೆಂದರೆ ಕಾರವಾರದಿಂದ ಮಂಗಳೂರಿನವರೆಗೆ ಎಲ್ಲಿ ಬೇಕಾದರೂ ಆಗಬಹುದು. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ದಕ್ಷಿಣ ಸಮುದ್ರದ ದಡದ ಗೋಕರ್ಣದ ಈಶ್ವರನ ಸೇವೆಗೆಂದು ಆಕಾಶದಲ್ಲಿ ಹೋಗುವುದುಂಟು. ಆದಕಾರಣ ನನ್ನ ಮನಸ್ಸು ಗೋಕರ್ಣದ ಕಡೆಗೆ ಇತ್ತು. ಕಾರವಾರದಲ್ಲಿ ರವೀಂದ್ರನಾಥ ಠಾಕೂರರು ತಮ್ಮ ಯೌವನದಲ್ಲಿ, ಅಣ್ಣಂದಿರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಕೆಲವು ಕಾಲ ಇದ್ದರು. ಹೊನ್ನಾವರದ ಬಳಿಯ ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ೨೦೨೦ರಲ್ಲಿ ನೀಲಿ ಬಾವುಟದ ಮನ್ನಣೆ ದೊರೆಯಿತು. ನೀರಿನ ನೈರ್ಮಲ್ಯ, ಸ್ನಾನದ ಮನೆ, ಕಾವಲು ಮೊದಲಾದವನ್ನು ಪರೀಕ್ಷಿಸಿ ಕೊಡತಕ್ಕ ಮನ್ನಣೆಯದು. ಆದರೆ ತಾಯಿಯವರಿಗೆ ಉಡುಪಿಯ ಕೃಷ್ಣನ ದರ್ಶನವೂ ಆಗಬೇಕು, ಮಕ್ಕಳಿಗೆ ದ್ವೀಪವೂ ಬೇಕು. ಇವೆರಡೂ ಒಂದೆಡೆಯಲ್ಲಿ ಸಿಗುವುದು ಮಲ್ಪೆಯಲ್ಲಿ. ಹದಿಮೂರನೆಯ ಶತಮಾನದಲ್ಲಿ ಗೋಪೀಚಂದನದ ಗಡ್ಡೆಯೊಳಗಿದ್ದ ಕೃಷ್ಣನನ್ನು ಮಧ್ವಾಚಾರ್ಯರು ಹಡಗಿನವರಿಂದ ಪಡೆದದ್ದು ಆ ಕರಾವಳಿಯಲ್ಲಿಯೇ ಎಂದು ಸಂಪ್ರದಾಯ.

ಕಾಲದ ವಿಷಯದಲ್ಲಿ ಒಂದು ಮಾತು. ದಸರೆಯ ರಜೆಯಲ್ಲಿ ಹೋಗೋಣವೆಂದು ಮಕ್ಕಳು ಹಟ ಮಾಡಿದರು. ಮಳೆ ನಿಂತಂತೆ ಕಂಡರೂ ಕಡಲು ಆಗ ಪೂರ್ತಿ ತಣ್ಣಗಾಗಿರುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ದ್ವೀಪದ ದೋಣಿಗಳು ನಡೆಯುವುದೇ ಇಲ್ಲ. ಫುಕೆಟ್ಟಿಗೆ ಹೋಗಿದ್ದರೂ ಇದೇ ಲೆಕ್ಕವಾಗುತ್ತಿತ್ತು. ಅಲ್ಲಿ ಮಳೆ ಸುರಿಸುವುದೂ ಇದೇ ನೈಋತ್ಯದ ಮಾರುತವೇ. ಆದಕಾರಣ ಕಡಲೆಕಾಯಿ ಪರಿಷೆ ಮುಗಿಸಿಕೊಂಡು, ಡಿಸೆಂಬರ್ ೨೨ರ ಸಂಜೆ ಹೊರಡುವುದೆಂದು ನಿಶ್ಚಯವಾಯಿತು. ಜನವರಿಯಲ್ಲಿ ಹೋಗತಕ್ಕವರು ಇದೊಂದನ್ನು ನೆನಪಿಟ್ಟಿರಲಿ: ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ ೧೮ರಂದು ಉಡುಪಿಯಲ್ಲಿ ಪರ್ಯಾಯ. ನೋಡತಕ್ಕ ಉತ್ಸವವೇ ಸರಿ; ಆದರೆ ಮುದುಕರಿಗೆ ಕೂರಲು ಸ್ಥಳ ಸಿಗುವುದು ದುರ್ಲಭ.

ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ಸು ಸಂಜೆ ಹೊರಟು ಬೆಳಗಿನ ಜಾವಕ್ಕೆ ಉಡುಪಿಯನ್ನು ಮುಟ್ಟಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿಯುವ ಹಾದಿಯಲ್ಲಿ ಐವತ್ತೇಳು ಸುರಂಗಗಳಿವೆ. ಅವೆಲ್ಲ ನಿದ್ರೆಯಲ್ಲಿಯೇ ಕಳೆದುಹೋಗುತ್ತವೆಂದು ಮೊಮ್ಮಗನಿಗೆ ದುಃಖ. ಕಾದಿರಿಸುವ ನಿಯಮ ಬದಲಾಗಿದೆಯೆಂಬುದನ್ನು ನನ್ನಂಥ ಹಳಬರು ಗಮನಿಸಬೇಕು. ಮೊದಲು ೧೨೦ ದಿನ ಮುಂಚಿತವಾಗಿ ಕೊಡುತ್ತಿದ್ದ ಟಿಕೆಟ್ಟನ್ನು ೨೦೨೪ರ ನವೆಂಬರ್ ಒಂದರಿಂದ ೬೦ ದಿನಕ್ಕೆ ಇಳಿಸಿದ್ದಾರೆ. ನಮ್ಮ ಲೆಕ್ಕಕ್ಕೆ ಅಕ್ಟೋಬರ್ ೨೩ರ ಬೆಳಗ್ಗೆ ಎಂಟು ಗಂಟೆ. ತಾಯಿಯವರಿಗೆ ಕೆಳಗಿನ ಹಾಸಿಗೆಯೇ ಬೇಕಾಗಿರುವುದರಿಂದ ಆ ಹೊತ್ತಿಗೆ ಮಗನು ಸ್ನಾನಕ್ಕೆ ಕೂಡ ಹೋಗಕೂಡದೆಂದು ನನ್ನ ಹೆಂಡತಿ ಈಗಲೇ ಅಪ್ಪಣೆ ಮಾಡಿದ್ದಾಳೆ.

ಇಷ್ಟೂ ಸುಗಮವಾಗಿಯೇ ನಡೆಯಿತು. ತೊಡಕು ಬಂದದ್ದು ಪಂಚಾಂಗದಿಂದ. ಪರ್ವಕಾಲದ ಹೊರತು ಸಾಗರವನ್ನು ಮುಟ್ಟಬಾರದೆಂಬ ಹಳೆಯ ವಿಧಿಯನ್ನು ವಾಚಕರು ಕೇಳಿರಬಹುದು. ಮಾರ್ಗಶಿರದ ಹುಣ್ಣಿಮೆಯು ಅದೇ ವಾರದಲ್ಲಿ ಬೀಳುವುದನ್ನು ಕಂಡು ತಾಯಿಯವರು ಹಿಗ್ಗಿ, ಆ ದಿನ ಸಮುದ್ರಸ್ನಾನ ಆಗಲೇಬೇಕೆಂದರು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ನೇರಕ್ಕೆ ಬರುವುದರಿಂದ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಶಾಸ್ತ್ರವು ಮುಟ್ಟು ಎನ್ನುವ ದಿನವೇ ನೀರು ಹೆಚ್ಚು ಓಡಾಡುವ ದಿನ. ನಾನು ಕೂಡಲೇ ಬೇಡವೆಂದೆನು; ಸ್ವಲ್ಪ ಗಟ್ಟಿಯಾಗಿಯೇ ಎಂದೆನೆಂದು ತೋರುತ್ತದೆ. ಎಲ್ಲರೂ ನನ್ನ ಮುಖವನ್ನು ನೋಡಿದರು.

ಅದಕ್ಕೆ ಕಾರಣವನ್ನು ಮನೆಯಲ್ಲಿ ಆವರೆಗೆ ಹೇಳಿರಲಿಲ್ಲ. ಸುಮಾರು ಮೂವತ್ತು ವರ್ಷದ ಹಿಂದೆ ನಲವತ್ತು ಮಂದಿ ಹುಡುಗರನ್ನು ಕರೆದುಕೊಂಡು ಉತ್ತರ ಕನ್ನಡದ ಒಂದು ಕಡಲತೀರಕ್ಕೆ ಹೋಗಿದ್ದೆನು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕದಲ್ಲಿ ಬರುತ್ತ ರಾಮನು ಸೀತೆಗೆ ಸಮುದ್ರವನ್ನು ವರ್ಣಿಸುತ್ತಾನೆ. ಅದನ್ನು ಸಮುದ್ರದ ಎದುರಿನಲ್ಲಿಯೇ ಪಾಠ ಹೇಳಬೇಕೆಂದು ನನ್ನ ಉಮೇದು. ಹುಡುಗರನ್ನು ಮರಳಿನ ಮೇಲೆ ಕೂರಿಸಿ, ನೀರಿಗೆ ಬೆನ್ನು ಮಾಡಿ ನಿಂತು, ಶ್ಲೋಕಶ್ಲೋಕವಾಗಿ ಅರ್ಥ ಹೇಳುತ್ತಿದ್ದೆನು. ಕೊನೆಯಲ್ಲಿ ಕುಳಿತಿದ್ದ ಒಬ್ಬ ಹುಡುಗ ಮೆಲ್ಲನೆ ಎದ್ದು ನೀರಿಗೆ ಇಳಿದದ್ದು ನನಗೆ ತಿಳಿಯಲಿಲ್ಲ. ಹುಡುಗರ ಮುಖದ ಬಣ್ಣ ಬದಲಾದಾಗ ತಿರುಗಿ ನೋಡಿದೆನು. ತಲೆ ಮಾತ್ರ ಕಾಣುತ್ತಿತ್ತು. ಅದೂ ದೂರ ಹೋಗುತ್ತಿತ್ತು.

ಬಲೆ ಹೊಲಿಯುತ್ತಿದ್ದ ಬೆಸ್ತರೊಬ್ಬರು ಓಡಿದರು. ಅವರು ಹುಡುಗನ ಕಡೆಗೆ ನೇರವಾಗಿ ಓಡದೆ ದಡದ ಮೇಲೆ ಪಕ್ಕಕ್ಕೆ ಓಡಿದುದನ್ನು ಕಂಡು ನಾನು ಅರಚಿಕೊಂಡೆನಂತೆ. ಅವರು ಬೇರೆ ಕಡೆಯಿಂದ ಇಳಿದು, ಹುಡುಗನನ್ನು ಹಿಡಿದು, ಅಡ್ಡಡ್ಡವಾಗಿ ಈಜಿಕೊಂಡು, ನಾವು ನಿಂತ ಜಾಗಕ್ಕೆ ಬಹಳ ದೂರದಲ್ಲಿ ದಡ ಸೇರಿದರು. ಹುಡುಗ ಬದುಕಿದನು. ಅವರು ಉಸಿರು ತಿರುಗಿದಮೇಲೆ ನನಗೆ ಹೇಳಿದ್ದು ಒಂದೇ ಮಾತು: “ಮಾಸ್ತರೆ, ನೀರಿಗೆ ಬೆನ್ನು ಹಾಕಿ ನಿಲ್ಲಬೇಡಿ.” ಅಂದಿನಿಂದ ನಾನು ಕಡಲಿಗೆ ಹೋಗಿಲ್ಲ. ಆ ಸರ್ಗವನ್ನು ಪಾಠ ಹೇಳಬೇಕಾಗಿ ಬಂದ ವರ್ಷಗಳಲ್ಲಿ ಬೇಗಬೇಗ ಮುಗಿಸಿಬಿಡುತ್ತಿದ್ದೆನು.

೨೦೨೪ರ ಡಿಸೆಂಬರ್ ೧೦ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಪತ್ರಿಕೆಯಲ್ಲಿ ಅದನ್ನೋದಿದ ದಿನ ನನಗೆ ಊಟ ಸೇರಲಿಲ್ಲ. ನಮ್ಮ ಬಯಲುಸೀಮೆಯ ಮಕ್ಕಳಿಗೆ ಕೆರೆ ಗೊತ್ತು, ಬಾವಿ ಗೊತ್ತು. ಕಡಲಿನ ನೀರಿನ ನಡೆ ಗೊತ್ತಿಲ್ಲ. ಆದಕಾರಣ ಆ ಬೆಸ್ತರಿಂದ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತೇನೆ. ಮಕ್ಕಳಿರುವ ಮನೆಯವರು ಓದಿ ಹೇಳಬೇಕು.

ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಹಿಂದಕ್ಕೆ ಹೋಗಲೇಬೇಕಷ್ಟೆ. ನೀರಿನಡಿಯ ಮರಳದಿಣ್ಣೆಯಲ್ಲಿ ಎಲ್ಲಿ ಸಂದು ಸಿಕ್ಕುವುದೋ ಅಲ್ಲಿ ಅದು ಒಟ್ಟುಗೂಡಿ, ಇಕ್ಕಟ್ಟಾದ ಹೊಳೆಯಂತೆ ಕಡಲಿನ ಕಡೆಗೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಮೆ. ಎರಡು ಪಕ್ಕದಲ್ಲಿ ಬಿಳಿಯ ನೊರೆ, ನಡುವೆ ಕದಡಿದ ಬಣ್ಣದ ಶಾಂತವಾದ ನೀರು. ಏನೂ ಅರಿಯದವರಿಗೆ ಅದೇ ಸುಖವಾದ ಜಾಗವೆಂದು ಕಾಣುತ್ತದೆ, ಅಲ್ಲಿಯೇ ಇಳಿಯುತ್ತಾರೆ. ಸೆಳೆತವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಎಳೆಯುತ್ತದೆ. ಗಾಬರಿಯಿಂದ ನೇರವಾಗಿ ದಡದ ಕಡೆಗೆ ಈಜಿ ದಣಿದವರೇ ಮುಳುಗುವುದು. ಸಿಕ್ಕಿಕೊಂಡವನು ಮೊದಲು ತೇಲಬೇಕು, ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಿದ್ದಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿದ್ದವರು ಹಿಂದೆಯೇ ಹಾರಬಾರದು. ತೇಲತಕ್ಕ ಯಾವುದನ್ನಾದರೂ ಎಸೆದು ಜೀವರಕ್ಷಕರನ್ನು ಕೂಗಬೇಕು. ಕೆಂಪು ಬಾವುಟವಿದ್ದರೆ ಪಾದವನ್ನೂ ಇಡಕೂಡದು. ನಮ್ಮ ಮನೆಯ ಕಟ್ಟಳೆ ಇನ್ನೊಂದುಂಟು: ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ದೊಡ್ಡವರಲ್ಲಿ ಒಬ್ಬರು ಕೈಯಲ್ಲಿ ಫೋನು ಹಿಡಿಯದೆ ಅವರನ್ನೇ ನೋಡುತ್ತ ನಿಲ್ಲತಕ್ಕದ್ದು. ಮೊದಲನೆಯ ಸರದಿ ನನ್ನದು.

ದ್ವೀಪದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಸೇಂಟ್ ಮೇರಿಸ್ ದ್ವೀಪಗಳಿವೆ. ೧೪೯೮ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಆ ಹೆಸರಿಟ್ಟನೆಂದು ಐತಿಹ್ಯ. ಅಲ್ಲಿ ನೋಡತಕ್ಕದ್ದು ಕಲ್ಲು. ಕೆರೆಯ ಕೆಸರು ಒಣಗುವಾಗ ಬಿರಿದು ಮೂಲೆಮೂಲೆಯ ತುಂಡುಗಳಾಗುವಂತೆ, ಕರಗಿದ ಶಿಲೆ ಆರುವಾಗ ಕುಗ್ಗಿ ಸೀಳಿ, ಆರು ಮುಖದ ಐದು ಮುಖದ ಕಂಬಗಳಾಗಿ ನಿಂತಿದೆ. ಮಡಗಾಸ್ಕರವು ನಮ್ಮ ಭೂಮಿಯಿಂದ ಬೇರೆಯಾದ ಕಾಲದ ಶಿಲೆಯದು. ವಯಸ್ಸು ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷ. ಲಾಲ್‌ಬಾಗಿನ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಬಂಡೆಗೆ ಮುನ್ನೂರು ಕೋಟಿ ವರ್ಷವಾಯಿತೆಂದು ಹೇಳಿದಾಗ, “ಹಾಗಾದರೆ ನಮ್ಮದೇ ಹಿರಿಯದು, ತಾತ” ಎಂದು ಮೊಮ್ಮಗನಿಗೆ ಹೆಮ್ಮೆ. ದಡದಲ್ಲಿ ಮರಳಿಗಿಂತ ಚಿಪ್ಪು ಹೆಚ್ಚು, ಬರಿಗಾಲು ಸಲ್ಲದು. ರಾತ್ರಿ ಅಲ್ಲಿ ತಂಗುವಂತಿಲ್ಲ. ದೋಣಿ ಹತ್ತಿಳಿಯುವ ಶ್ರಮ ತಾಯಿಯವರಿಗೆ ಬೇಡವೆಂದು, ಆ ಹೊತ್ತು ಅವರೂ ನಾನೂ ಮಲ್ಪೆಯ ಬಂದರಿನ ಬಳಿ ಕಡಲಿನೊಳಗೆ ಚಾಚಿರುವ ನಡಿಗೆಯ ಹಾದಿಯಲ್ಲಿ ಕುಳಿತಿರುವೆವು. ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿಗಾಳು, ತಾಯಿಯವರ ರಕ್ತದೊತ್ತಡದ ಗುಳಿಗೆ ಎರಡು ಕಡೆ ಹಂಚಿಟ್ಟು, ತಲೆಗೆ ಬಟ್ಟೆ, ಒಂದು ಮಡಚುವ ಕುರ್ಚಿ: ಸಾಮಾನಿನ ಪಟ್ಟಿ ಇಷ್ಟೇ.

ಇನ್ನು ಪರ್ವಸ್ನಾನ. ಅಶಕ್ತರಿಗೆ ಪ್ರೋಕ್ಷಣೆಯೇ ಸ್ನಾನವಾಗುವುದೆಂದು ಶಾಸ್ತ್ರವೇ ಒಪ್ಪುತ್ತದೆ. ಚೊಂಬಿನಲ್ಲಿ ನೀರು ತಂದು ತಲೆಗೆ ಚಿಮುಕಿಸಿದರೆ ಸಾಕೆಂದು ತಾಯಿಯವರಿಗೆ ಪ್ರಮಾಣಸಹಿತವಾಗಿ ನಿವೇದಿಸಿದೆನು. ಅವರು ಎಲ್ಲವನ್ನೂ ಕೇಳಿ, “ಶಾಸ್ತ್ರ ನೀನು ಓದಿದ್ದೀಯಪ್ಪ, ಸಮುದ್ರ ನಾನು ನೋಡಿಲ್ಲ. ಕಾಲು ನೆನೆಯದೆ ಬರುವವಳಲ್ಲ” ಎಂದರು. ಎರಡು ದಿನದ ವಾದವಾದಮೇಲೆ ರಾಜಿಯಾಯಿತು. ಸರ್ವೇಕ್ಷಣ ಇಲಾಖೆಯ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ನೀರು ತಗ್ಗಿದ ಹೊತ್ತಿನಲ್ಲಿ, ಜೀವರಕ್ಷಕರಿರುವ ಕಡೆ, ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ಮಗ ಇನ್ನೊಂದು ಕಡೆ ಸೊಸೆ ಹಿಡಿದುಕೊಂಡು, ಹರಡಿನ ಮಟ್ಟದ ನೀರು. ಅದಕ್ಕಿಂತ ಒಂದು ಅಂಗುಲ ಮುಂದಿಲ್ಲ. ನಾನು ಎದುರಿಗೆ, ನೀರಿನ ಕಡೆಗೆ ಮುಖ ಮಾಡಿ ನಿಲ್ಲತಕ್ಕದ್ದು.

ನಿನ್ನೆ ಬೆಳಗ್ಗೆ ನೋಡುತ್ತೇನೆ, ತಂದೆಯವರು ಸಂಧ್ಯಾವಂದನೆಗೆ ಇಟ್ಟುಕೊಂಡಿದ್ದ ತಾಮ್ರದ ಚೊಂಬನ್ನು ಹುಣಿಸೆಹಣ್ಣಿನಲ್ಲಿ ಬೆಳಗಿ ಬಾಗಿಲ ಬಳಿಯ ಗೂಡಿನಲ್ಲಿ ಇಟ್ಟಿದ್ದಾರೆ. ಗಾಡಿ ಹೊರಡುವುದಕ್ಕೆ ಇನ್ನೂ ಎರಡು ತಿಂಗಳಿಗೆ ಮೇಲೆ ಇದೆಯೆಂದು ಹೇಳಿದೆನು.

“ಇರಲಿ, ಅಲ್ಲೇ ಇರಲಿ” ಎಂದರು.