ಸೆಟ್ಟಿಂಗ್ಸ್ ಕೂಡ ಬಳಕೆದಾರರ ಸ್ವತ್ತೇ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹೀಗಾಗಿ ಕೆಟ್ಟು ನಿಲ್ಲದ ಎಷ್ಟೋ ಕಂಪ್ಯೂಟರ್‌ಗಳು ಮನೆ, ಅಂಗಡಿ, ಕಚೇರಿಗಳಲ್ಲಿ ಮೂಲೆ ಸೇರುತ್ತಿವೆ. ಹೊಸದನ್ನು ಮಾರುವವರು ಹಳೆಯದರಲ್ಲಿದ್ದ ಡೇಟಾ ಹಾಕಿಕೊಡುತ್ತೇವೆ ಎನ್ನುತ್ತಾರೆ. ಹಾಗೆ ಬರುವುದು ಡಾಕ್ಯುಮೆಂಟ್ಸ್, ಫೋಟೊ, ಡೆಸ್ಕ್‌ಟಾಪ್ ಮೇಲಿದ್ದ ಫೈಲುಗಳು. ವರ್ಷಗಟ್ಟಲೆ ಒಂದೊಂದಾಗಿ ಹೊಂದಿಸಿಕೊಂಡ ಸೆಟ್ಟಿಂಗ್ಸ್ ಹಳೆಯ ಡಿಸ್ಕ್‌ನಲ್ಲೇ ಉಳಿಯುತ್ತವೆ, ಕೊನೆಗೆ ಗುಜರಿಗೆ ಹೋಗುತ್ತವೆ. ಬಳಕೆದಾರ ಬರೆದ ಪತ್ರ ಅವನದು ಎಂದಾದರೆ, ಆ ಪತ್ರ ಬರೆಯಲು ಅವನು ಸಜ್ಜುಗೊಳಿಸಿಕೊಂಡ ವ್ಯವಸ್ಥೆಯೂ ಅವನದೇ. ಯಾರ ಖಾತೆ, ಯಾರ ಸರ್ವರ್‌ನ ಹಂಗೂ ಇಲ್ಲದೆ ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಲು ಅವನಿಗೆ ಸಾಧ್ಯವಾಗಬೇಕು.

ಇದು ಸಣ್ಣ ವಿಷಯ ಎನ್ನುವವರು ಕನ್ನಡದಲ್ಲಿ ದಿನವಿಡೀ ಟೈಪ್ ಮಾಡುವವರ ಕಂಪ್ಯೂಟರನ್ನು ನೋಡಬೇಕು. ಊರಿನ ಹೆಸರು, ಮನೆತನದ ಹೆಸರು, ಕೃಷಿ ಮತ್ತು ಕಾನೂನಿನ ಪದಗಳು ಕಾಗುಣಿತ ತಪಾಸಕಕ್ಕೆ ಗೊತ್ತಿರುವುದಿಲ್ಲ. ಕೆಂಪು ಗೆರೆ ಬಿದ್ದಾಗಲೆಲ್ಲ ಬಲಕ್ಲಿಕ್ ಮಾಡಿ ಸೇರಿಸುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಒಂದು ಸ್ವಂತ ನಿಘಂಟೇ ಬೆಳೆದಿರುತ್ತದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಇದು ಸಾಲಿಗೊಂದು ಪದವಿರುವ ಸರಳ ಪಠ್ಯದ ಫೈಲ್, ಹೆಸರು ಕಸ್ಟಮ್ ಡಿಕ್. ಆದರೆ ಅದು ಇರುವುದು ಆಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರ್‌ನ ಒಳಗೆ, ಯುಪ್ರೂಫ್ ಎಂಬ ಇನ್ನೊಂದು ಫೋಲ್ಡರ್‌ನಲ್ಲಿ. ಎರಡಕ್ಷರ ಒತ್ತಿದರೆ ಇಡೀ ವಿಳಾಸ ಮೂಡುವಂತೆ ಮಾಡಿಕೊಂಡ ಆಟೊಕರೆಕ್ಟ್ ಪಟ್ಟಿ ಮತ್ತೊಂದು ಕಡೆ. ಅಂಚು, ಫಾಂಟ್, ಮ್ಯಾಕ್ರೊಗಳನ್ನು ಹಿಡಿದಿಟ್ಟ ನಾರ್ಮಲ್ ಟೆಂಪ್ಲೇಟ್ ಮಗದೊಂದು ಕಡೆ. ಇನ್ನು ಕೆಲವು ಆಯ್ಕೆಗಳು ರಿಜಿಸ್ಟ್ರಿಯೊಳಗೆ. ಒಂದೇ ತಂತ್ರಾಂಶದ ಗತಿಯೇ ಹೀಗೆ. ಇದರ ಜೊತೆ ಕೀಲಿಮಣೆಯ ಪಾಡು ಬೇರೆ: ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸಕ್ಕೆ ಬೆರಳು ಪಳಗಿದವರ ಮುಂದೆ ಹೊಸ ಕಂಪ್ಯೂಟರ್ ಇನ್‌ಸ್ಕ್ರಿಪ್ಟ್ ಇಟ್ಟರೆ ಮೊದಲ ಅಕ್ಷರದಲ್ಲೇ ಕೈ ತಡೆಯುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಕೆಲಸವನ್ನಂತೂ ಫಾಂಟ್ ಇಲ್ಲದೆ ತೆರೆದರೆ ಕನ್ನಡವೇ ಕಾಣದು. ಪರದೆ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಫೈಲು ಬಂದರೂ ಅದನ್ನು ಓದಿಸುವ ಏರ್ಪಾಡು ಬರದಿದ್ದರೆ ಫೈಲು ಬಂದೂ ಬಾರದಂತೆ.

ತಾಂತ್ರಿಕವಾಗಿ ಇದೆಲ್ಲ ಕಷ್ಟ ಎಂಬ ಮಾತು ನಿಲ್ಲುವುದಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಫೈಲು ಮತ್ತು ಸೆಟ್ಟಿಂಗ್ಸ್ ಸಾಗಿಸುವ ವಿಜಾರ್ಡ್ ಇತ್ತು. ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಈಸಿ ಟ್ರಾನ್ಸ್‌ಫರ್ ಹೆಸರಿನಲ್ಲಿ ಅದು ಇನ್ನಷ್ಟು ಸುಲಭವಾಯಿತು. 2015ರಲ್ಲಿ ಬಂದ ವಿಂಡೋಸ್ 10 ಅದನ್ನು ಕೈಬಿಟ್ಟಿತು. ಅದೇ ಕೆಲಸ ಮಾಡುವ ಯುಎಸ್‌ಎಂಟಿ ಸಾಧನ ಮಾತ್ರ ದೊಡ್ಡ ಸಂಸ್ಥೆಗಳ ಐಟಿ ವಿಭಾಗಗಳಿಗಾಗಿ ಉಳಿಯಿತು. ನೂರಾರು ಕಂಪ್ಯೂಟರ್ ಇರುವವರಿಗೆ ಸಿಗುವ ಅನುಕೂಲ ಒಂದೇ ಕಂಪ್ಯೂಟರ್ ಇರುವವನಿಗೆ ಏಕಿಲ್ಲ? ಫೈರ್‌ಫಾಕ್ಸ್ ತನ್ನ ಬುಕ್‌ಮಾರ್ಕ್, ಆಡ್‌ಆನ್, ಆಯ್ಕೆಗಳನ್ನೆಲ್ಲ ಒಂದೇ ಪ್ರೊಫೈಲ್ ಫೋಲ್ಡರ್‌ನಲ್ಲಿ ಇಡುತ್ತದೆ. ಅದನ್ನು ನಕಲು ಮಾಡಿದರೆ ಬಹುಮಟ್ಟಿಗೆ ಇಡೀ ಬ್ರೌಸರ್ ಜೊತೆಗೆ ಬರುತ್ತದೆ. ಲಿನಕ್ಸ್‌ನಲ್ಲಿ ಬಳಕೆದಾರನ ಹೋಮ್ ಫೋಲ್ಡರ್ ಕೂಡ ಹೆಚ್ಚುಕಡಿಮೆ ಹಾಗೆಯೇ.

ಈಗ ಎಲ್ಲವೂ ಕ್ಲೌಡ್‌ನಲ್ಲಿದೆಯಲ್ಲ, ಲಾಗಿನ್ ಆದರೆ ಸಾಕಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ. ಸಿಂಕ್ ಉಪಯುಕ್ತ, ಅನುಮಾನವಿಲ್ಲ. ಆದರೆ ಏನು ಸಿಂಕ್ ಆಗಬೇಕೆಂದು ನಿರ್ಧರಿಸುವುದು ಕಂಪನಿ, ಮತ್ತು ಪ್ರತಿ ಕಂಪನಿಯ ಸಿಂಕ್ ತನ್ನ ಅಂಗಳದೊಳಗೇ ಸುತ್ತುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗಮನವಿಟ್ಟು ನೋಡಬೇಕು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಬೇಕೆನ್ನುವ ಮನೆಬಳಕೆದಾರರ ಮುಂದೆ ಮೈಕ್ರೋಸಾಫ್ಟ್ 2025ರಲ್ಲಿ ಮೂರು ದಾರಿ ಇಟ್ಟಿತು: 30 ಡಾಲರ್ ಕೊಡಿ, ಇಲ್ಲವೇ ನಮ್ಮ ಸಾವಿರ ರಿವಾರ್ಡ್ಸ್ ಅಂಕ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗ್ಸ್ ಅನ್ನು ನಮ್ಮ ಕ್ಲೌಡ್‌ಗೆ ಸಿಂಕ್ ಮಾಡಿ. ಯಾವ ಬೆಲೆಯೂ ಇಲ್ಲದ ಪುಡಿ ವಿವರ ಎಂದು ನಾವು ಅಂದುಕೊಂಡಿದ್ದನ್ನು ಕಂಪನಿ 30 ಡಾಲರ್ ಪಕ್ಕದಲ್ಲಿಟ್ಟು ತೂಗಿತು. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ದನಿ ಎತ್ತಿದ ಮೇಲೆ ಅಲ್ಲಿ ಸಿಂಕ್ ಷರತ್ತನ್ನು ಕೈಬಿಡಲಾಯಿತು. ಭಾರತದ ಬಳಕೆದಾರರಿಗೆ ಆ ರಿಯಾಯಿತಿ ಇರಲಿಲ್ಲ.

ಭದ್ರತೆಯ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಸುಲಭವಾಗಿ ಹೊರಬರುವ ಸೆಟ್ಟಿಂಗ್ಸ್ ಸುಲಭವಾಗಿ ಕಳುವೂ ಆಗುತ್ತವೆ. ಬ್ರೌಸರ್ ಪ್ರೊಫೈಲ್‌ಗಳನ್ನೇ ಕದಿಯುವ ಕುತಂತ್ರಾಂಶಗಳಿವೆ. ಕ್ರೋಮ್ ತನ್ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ವಿಂಡೋಸ್ ಲಾಗಿನ್‌ಗೆ ಕಟ್ಟಿಹಾಕಿ ಗೂಢಲಿಪಿಯಲ್ಲಿ ಇಡುವುದು ಇದೇ ಕಾರಣಕ್ಕೆ, ಅದು ಸರಿಯೂ ಹೌದು. ಆದರೆ ಪಾಸ್‌ವರ್ಡ್‌ಗೆ ಹಾಕುವ ಬೀಗವನ್ನು ಪದಪಟ್ಟಿಗೂ ಟೆಂಪ್ಲೇಟ್‌ಗೂ ಹಾಕಬೇಕಾಗಿಲ್ಲ. ಗುಟ್ಟಿನ ವಿವರಗಳನ್ನು ಬೇರೆಯಾಗಿಟ್ಟು, ಬಳಕೆದಾರ ಕೊಟ್ಟ ಪಾಸ್‌ವರ್ಡ್‌ನಿಂದ ಭದ್ರಪಡಿಸಿ ಸಾಗಿಸುವ ವಿಧಾನ ಪಾಸ್‌ವರ್ಡ್ ಮ್ಯಾನೇಜರ್‌ಗಳಿಗೆ ಗೊತ್ತಿರುವುದೇ. ಹೊಸ ಕಂಪ್ಯೂಟರ್‌ನಲ್ಲಿ ಹೊಸದಾಗಿಯೇ ಶುರುಮಾಡುವುದು ಒಳ್ಳೆಯದು ಎನ್ನುವವರೂ ಇದ್ದಾರೆ. ಹಾಗೆ ಬಯಸುವವರು ಧಾರಾಳವಾಗಿ ಮಾಡಲಿ, ಬೇಡದವರ ಮೇಲೆ ಅದನ್ನು ಹೇರುವುದು ಬೇಡ.

ಇಂಥ ಹಕ್ಕು ನಮಗೆ ಅಪರಿಚಿತವಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳಬಹುದು, ಅದು ಸಾಧ್ಯವಾಗಿದ್ದು ನಿಯಮದಿಂದ. ವೈಯಕ್ತಿಕ ದತ್ತಾಂಶ ರಕ್ಷಣೆಯ 2019ರ ಮಸೂದೆಯಲ್ಲಿ ದತ್ತಾಂಶವನ್ನು ಒಯ್ಯುವ ಹಕ್ಕಿನ ಪ್ರಸ್ತಾಪವಿತ್ತು. 2023ರ ಕಾಯ್ದೆಯಲ್ಲಿ ಅದು ಇಲ್ಲ. ಕಾಯ್ದೆ ತಿದ್ದುಪಡಿಗೆ ಕಾಯುತ್ತಾ ಕೂರಬೇಕಿಲ್ಲ. ರಾಜ್ಯದ ಶಾಲೆ, ಗ್ರಾಮ ಪಂಚಾಯಿತಿ, ನ್ಯಾಯಾಲಯ, ಕಂದಾಯ ಕಚೇರಿಗಳಿಗೆ ಬೇಕಾದ ಕಂಪ್ಯೂಟರ್ ಮತ್ತು ತಂತ್ರಾಂಶವನ್ನು ಕೊಳ್ಳುವುದು ಸರ್ಕಾರವೇ. ಆ ಟೆಂಡರ್‌ಗಳಲ್ಲಿ ಒಂದು ಷರತ್ತು ಸೇರಿಸಲಿ: ಸರಬರಾಜಾಗುವ ಪ್ರತಿ ತಂತ್ರಾಂಶದಲ್ಲೂ ಬಳಕೆದಾರನ ಸೆಟ್ಟಿಂಗ್ಸ್, ಪದಪಟ್ಟಿ, ಕೀಲಿಮಣೆಯ ಆಯ್ಕೆಗಳನ್ನು ಇಂಟರ್ನೆಟ್ ಇಲ್ಲದೆಯೂ ಒಂದೇ ಫೈಲಾಗಿ ಹೊರತೆಗೆದು ಇನ್ನೊಂದು ಕಂಪ್ಯೂಟರ್‌ಗೆ ಹಾಕುವ ಸೌಲಭ್ಯವಿರಬೇಕು, ಅದರ ಮೆನು ಕನ್ನಡದಲ್ಲಿರಬೇಕು.