ಹಾಡುಗಾರನ ವಲಸೆ ಮತ್ತು ಕೊನೆಯ ಬಸ್ಸು

ಸಂಗೀತವನ್ನೇ ವೃತ್ತಿಯಾಗಿ ಹಿಡಿಯಬೇಕಾದರೆ ಬೆಂಗಳೂರಿಗೆ ಹೋಗಿ ನೆಲೆಸಲೇಬೇಕೆಂಬ ನಂಬಿಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಬಲವಾಗಿ ಬೇರೂರಿದೆ. ಈ ನಾಲ್ಕೂ ಪಟ್ಟಣಗಳು ಮಹಾನಗರದಿಂದ ಹೆಚ್ಚೆಂದರೆ 60 ಕಿ.ಮೀ. ದೂರದಲ್ಲಿವೆ ಎಂಬ ಸಂಗತಿಯೂ ಅದನ್ನು ಸಡಿಲಿಸಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ, 2025ರಲ್ಲಿ ರಾಜ್ಯ ಸರ್ಕಾರದಿಂದ ‘ಬೆಂಗಳೂರು ದಕ್ಷಿಣ’ವೆಂಬ ಹೆಸರು ಪಡೆದ ಈ ಸೀಮೆಯಿಂದ ಕಾರ್ಖಾನೆ, ಗಾರ್ಮೆಂಟ್ಸ್, ಕಚೇರಿಗಳ ಕೆಲಸಕ್ಕೆ ಜನ ದಿನವೂ ಹೋಗಿ ಸಂಜೆ ಮನೆಗೆ ಮರಳುತ್ತಾರೆ. ಹಾಡಲು ಹೋದವರು ಮಾತ್ರ ಅಲ್ಲೇ ಬಾಡಿಗೆ ಕೋಣೆ ಹಿಡಿಯುತ್ತಾರೆ. ಇದಕ್ಕೆ ಮುಖ್ಯ ಕಾರಣ ದೂರವಲ್ಲ, ಕೆಲಸದ ಹೊತ್ತು. ಸಂಗೀತಗಾರರ ದುಡಿಮೆ ಆರಂಭವಾಗುವುದೇ ಉಳಿದವರು ಮನೆಗೆ ಹೊರಡುವ ಸಮಯಕ್ಕೆ.

ಸಂಜೆ ಆರೂವರೆಗೆ ಶುರುವಾಗುವ ಕಛೇರಿ ಮುಗಿದು ತಂಬೂರಿ, ಮೃದಂಗಗಳನ್ನು ಚೀಲಕ್ಕೆ ಸೇರಿಸುವ ವೇಳೆಗೆ ರಾತ್ರಿ ಒಂಬತ್ತೂವರೆಯಾಗುತ್ತದೆ. ಆರ್ಕೆಸ್ಟ್ರಾ ನಡುರಾತ್ರಿಯ ತನಕ ನಡೆಯುತ್ತದೆ. ಸ್ಟುಡಿಯೊದ ಧ್ವನಿಮುದ್ರಣಕ್ಕಂತೂ ಹೊತ್ತುಗೊತ್ತಿಲ್ಲ. ನಮ್ಮ ಮೆಟ್ರೊ ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆ ನಿಲ್ದಾಣಕ್ಕೆ, ಮೈಸೂರು ರಸ್ತೆಯಲ್ಲಿ ಚಲ್ಲಘಟ್ಟಕ್ಕೆ ಬಂದು ನಿಲ್ಲುತ್ತದೆ, ಅದೂ ರಾತ್ರಿ ಹನ್ನೊಂದರ ಆಸುಪಾಸಿನವರೆಗೆ. ರಾಮನಗರ, ಚನ್ನಪಟ್ಟಣಗಳಿಗೆ ರೈಲಾದರೂ ಇದೆ. ಮಾಗಡಿ, ಕನಕಪುರಗಳಿಗೆ ಅದೂ ಇಲ್ಲ, ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಿದ್ದ ಮಾರ್ಗ ಇನ್ನೂ ಕಾಗದದಲ್ಲೇ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ಅದೇ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳ ಪ್ರವೇಶ ನಿಷೇಧವಾಯಿತು. ಅಪಘಾತಗಳ ದೃಷ್ಟಿಯಿಂದ ಆ ನಿಷೇಧ ಸರಿಯೇ, ಆದರೆ ಕೀಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ಊರಿಗೆ ಮರಳುವ ವಾದಕ ಅಂದಿನಿಂದ ಸರ್ವಿಸ್ ರಸ್ತೆಯ ಪಾಲಾದ. ಕೊನೆಯ ಬಸ್ಸು ತಪ್ಪಿದ ಹಾಡುಗಾರ್ತಿಯ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಅವಳು ರಾತ್ರಿ ಎಲ್ಲಿ ಉಳಿದಳೆಂಬ ಪ್ರಶ್ನೆ ಮನೆಯಲ್ಲಿ, ಬೀದಿಯಲ್ಲಿ ಏಳುತ್ತದೆ, ಮತ್ತು ಎಷ್ಟೋ ಹೆಣ್ಣುಮಕ್ಕಳ ಸಂಗೀತ ಆ ಪ್ರಶ್ನೆಯೆದುರು ನಿಂತೇಹೋಗುತ್ತದೆ.

ಈ ಸೀಮೆಗೆ ಸಂಗೀತದ ದೊಡ್ಡ ಊರು ಯಾವಾಗಲೂ ಬೆಂಗಳೂರೇ ಆಗಿರಲಿಲ್ಲ. ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ ಮಠವಿದ್ದ ಬ್ರಹ್ಮಣ್ಯತೀರ್ಥರ ಶಿಷ್ಯರಾದ ವ್ಯಾಸತೀರ್ಥರು ವಿಜಯನಗರಕ್ಕೆ ಹೋದ ಮೇಲೆಯೇ ಪುರಂದರದಾಸರಂಥವರಿಗೆ ಗುರುವಾಗಿ, ದಾಸಸಾಹಿತ್ಯದ ಬೆಳವಣಿಗೆಗೆ ಆಸರೆಯಾದರು. ಮೈಸೂರು ಅರಮನೆಯಲ್ಲಿ ಆಸ್ಥಾನ ವಿದ್ವಾಂಸರಿಗೆ ಮನ್ನಣೆಯಿದ್ದ ಕಾಲದಲ್ಲಿ ದಾರಿ ಅತ್ತ ತಿರುಗಿತು. ಕನ್ನಡ ಚಿತ್ರಗೀತೆಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣಗೊಳ್ಳುತ್ತಿದ್ದ ದಶಕಗಳಲ್ಲಿ ಹಿನ್ನೆಲೆ ಗಾಯನದ ಕನಸಿದ್ದವರು ಅಲ್ಲಿಗೇ ಹೋಗಬೇಕಿತ್ತು. ಊರನ್ನು ತೊರೆದವರ ಜೊತೆಗೆ ಇಲ್ಲಿನ ಸರಕೂ ಹೊರಗೆ ಹೋಗಿದೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ಉಕ್ಕಿನ ವಾದ್ಯತಂತಿಗಳನ್ನು ಕಂಡು, ಅವು ದೇಶದ ದೂರದ ಭಾಗಗಳಿಗೆ ಹೋಗುತ್ತವೆಂದು ದಾಖಲಿಸಿದ. ಉಕ್ಕನ್ನು ಕಾಯಿಸಿ, ಬಡಿದು, ಕಿರಿದಾಗುತ್ತ ಹೋಗುವ ರಂಧ್ರಗಳಲ್ಲಿ ಮತ್ತೆ ಮತ್ತೆ ತೂರಿಸಿ ಎಳೆದು, ಮೀಟಿದರೆ ತುಂಡಾಗದಷ್ಟು ಗಟ್ಟಿಯಾಗಿ, ನಾದ ಬರುವಷ್ಟು ತೆಳ್ಳಗಾಗಿ ಮಾಡುವ ಈ ಕಸುಬನ್ನು ಬಲ್ಲವರ ಊರು ಇಂದು ಆಟಿಕೆಗಳಿಂದ ಮಾತ್ರ ಹೆಸರಾಗಿದೆ. ಯಾರದೋ ವೀಣೆಯಲ್ಲಿ ನುಡಿದ ತಂತಿ ತಮ್ಮೂರಿನದೆಂಬುದು ಚನ್ನಪಟ್ಟಣದ ಮಕ್ಕಳ ಪಾಠದಲ್ಲಿ ಬರಬೇಕಾದ ಸಂಗತಿ.

ಬೆಂಗಳೂರು ಕೊಡುವುದೇನೆಂಬುದನ್ನು ಬಿಡಿಸಿ ನೋಡಬೇಕು. 1905ರ ಬೆಂಗಳೂರು ಗಾಯನ ಸಮಾಜ, 1939ರಿಂದ ರಾಮನವಮಿ ಉತ್ಸವ ನಡೆಸುತ್ತ ಬಂದಿರುವ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ, 1955ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರ, ರವೀಂದ್ರ ಕಲಾಕ್ಷೇತ್ರ, ಇವೆಲ್ಲ ಇರುವುದು ಅಲ್ಲೇ. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ‘ಬಿ’, ‘ಬಿ ಹೈ’, ‘ಎ’, ‘ಟಾಪ್’ ಎಂಬ ಶ್ರೇಣಿಗಳು ಸಿಗುತ್ತವೆ. ಆ ಶ್ರೇಣಿ ಸಂಭಾವನೆಯನ್ನು ನಿರ್ಧರಿಸುವುದಷ್ಟೇ ಅಲ್ಲದೆ, ಬೇರೆ ವೇದಿಕೆಗಳ ಆಹ್ವಾನಪತ್ರಿಕೆಯಲ್ಲಿ ಕಲಾವಿದರ ಹೆಸರಿನ ಜೊತೆ ಬಿರುದಿನಂತೆ ನಿಲ್ಲುತ್ತದೆ. ಚಲನಚಿತ್ರ ಸಂಗೀತದಲ್ಲಿ ಮೊದಲ ಮೆಟ್ಟಿಲು ಬಹುಮಟ್ಟಿಗೆ ಟ್ರ್ಯಾಕ್ ಹಾಡುವುದು. ಅಂದರೆ ಖ್ಯಾತ ಗಾಯಕರು ಬಂದು ಹಾಡುವ ಮುನ್ನ ರಾಗದ ಏರಿಳಿತ, ಉಸಿರು ನಿಲ್ಲಿಸುವ ಜಾಗಗಳನ್ನು ತೋರಿಸಲು ಬೇರೊಬ್ಬರು ಹಾಡಿಟ್ಟು, ಆಮೇಲೆ ಅಳಿಸಿಹೋಗುವ ಧ್ವನಿ. ಈ ಅವಕಾಶ ಬರುವುದು ಕರೆದ ಗಂಟೆಯೊಳಗೆ ಬರಬಲ್ಲವರಿಗೆ. ನಗರದಲ್ಲಿ ಇರಲೇಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರವಿಲ್ಲ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ನಗರ ಕೊಡುವುದು ಹೆಚ್ಚಾಗಿ ಹೆಸರನ್ನೇ ಹೊರತು ಹೊಟ್ಟೆಪಾಡನ್ನಲ್ಲ ಎಂಬುದಕ್ಕೆ ಹೆಸರು ಮಾಡಿದವರ ಬದುಕೇ ಸಾಕ್ಷಿ. ರಾಮನಗರ ತಾಲ್ಲೂಕಿನ ಬಾನಂದೂರಿನಿಂದ ಹೋದ ಕೆಂಪಯ್ಯನವರು ಜನಪದ ಗಾಯಕರಾಗಿ ನಾಡಿಗೆಲ್ಲ ಪರಿಚಿತರಾದರೂ ವೃತ್ತಿಯಲ್ಲಿ ಸರ್ಕಾರಿ ನೌಕರರಾಗಿದ್ದವರು. ಸುಗಮ ಸಂಗೀತವನ್ನು ಜನರ ಬಾಯಿಗೆ ತಂದ ಸಿ. ಅಶ್ವಥ್ ಐಟಿಐ ದೂರವಾಣಿ ಕಾರ್ಖಾನೆಯ ನೌಕರರಾಗಿದ್ದರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದರು. ತಿಂಗಳ ಸಂಬಳದ ಅಥವಾ ಸ್ಥಿರ ವೃತ್ತಿಯ ನೆರಳಿನಲ್ಲಿ ಕನ್ನಡದ ಹಾಡು ಬೆಳೆದ ಈ ಸಂಗತಿಯನ್ನು, ಎಲ್ಲವನ್ನೂ ಬಿಟ್ಟು ಹೋದರೇನೇ ಕಲೆ ಒಲಿಯುತ್ತದೆಂದು ಟಿ.ವಿ. ರಿಯಾಲಿಟಿ ಷೋ ನೋಡಿ ನಂಬುವ ಹದಿನೆಂಟರ ಹುಡುಗ ಹುಡುಗಿಯರಿಗೆ ಯಾರಾದರೂ ಹೇಳಲೇಬೇಕು. ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಮುಂತಾದ ಗಾಯಕರ ಹೆಸರಿನ ಮುಂದೆ ಅವರ ಊರೂ ಪ್ರಯಾಣ ಮಾಡಿದೆಯೆಂಬುದು ಗಮನಿಸಬೇಕಾದ ಮಾತು.

ಊರಿನಲ್ಲೇ ಉಳಿಯಿರೆಂದು ಉಪದೇಶಿಸುವಾಗ ಒಂದು ಎಚ್ಚರ ಬೇಕು. ತಮಟೆಯ ಚರ್ಮವನ್ನು ಹುಲ್ಲಿನ ಬೆಂಕಿಗೆ ಹಿಡಿದು ಬಿಗಿಗೊಳಿಸಿ, ಬೆರಳಿನಿಂದ ತಟ್ಟಿ ನಾದ ನೋಡಿ, ಮತ್ತೆ ಕಾಯಿಸಿ ಹದಕ್ಕೆ ತರುವ ಕಲಾವಿದನಿಗೆ ಹಬ್ಬದಲ್ಲೂ ಸಾವಿನಲ್ಲೂ ಬಾರಿಸುವುದು ಎಷ್ಟೋ ಹಳ್ಳಿಗಳಲ್ಲಿ ಜಾತಿ ಹೊರಿಸಿದ ಕರ್ತವ್ಯವಾಗಿತ್ತು. ಅವನು ಗುಡಿಯ ಹೊರಗೆ ನಿಂತು ಬಾರಿಸಬೇಕಿತ್ತು. ಅಂಥವನಿಗೆ ನಗರದ ವೇದಿಕೆ ಎಂದರೆ ಕೂಲಿಯ ಜೊತೆಗೆ ‘ಬಾರಿಸುವುದಿಲ್ಲ’ ಎಂದು ಹೇಳುವ ಸ್ವಾತಂತ್ರ್ಯ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದುದು ಹಳ್ಳಿಯ ವಾದ್ಯಕ್ಕೆ ಸಿಕ್ಕ ಗೌರವ ನಿಜ, ಆದರೆ ಆ ಗೌರವ ಊರಿನ ಬೀದಿಯಲ್ಲೂ ಸಿಗುವ ತನಕ ವಲಸೆಯನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ಕೆಲಸದ ಕೊರತೆ ಈ ತಾಲ್ಲೂಕುಗಳಲ್ಲಿಲ್ಲ. ರಾಮನಗರದ ಚಾಮುಂಡೇಶ್ವರಿ ಕರಗ, ಕಬ್ಬಾಳಮ್ಮನ ಜಾತ್ರೆ, ಮಾಗಡಿ ರಂಗನಾಥಸ್ವಾಮಿಯ ರಥೋತ್ಸವ, ಗಣೇಶೋತ್ಸವ, ರಾಜ್ಯೋತ್ಸವ, ಮದುವೆಗಳ ವಾಲಗ, ಎಲ್ಲ ಕಡೆಯೂ ಪೂಜಾ ಕುಣಿತ, ಪಟ ಕುಣಿತ, ತಮಟೆ, ಆರ್ಕೆಸ್ಟ್ರಾಗಳಿಗೆ ಕರೆಯಿದೆ. ಆದರೆ ಈ ಹಂಗಾಮು ಮುಗಿದ ಮೇಲೆ ಅಭ್ಯಾಸ ಮಾಡುವ ಜಾಗ, ಹಾಡು ಮುದ್ರಿಸಿಕೊಳ್ಳುವ ಕೋಣೆ, ವಾರಕ್ಕೊಮ್ಮೆಯಾದರೂ ಟಿಕೆಟ್ಟಿಟ್ಟು ಹಾಡಬಹುದಾದ ವೇದಿಕೆ ತಾಲ್ಲೂಕಿಗೊಂದು ಬೇಕು. ಎಚ್.ಎಲ್. ನಾಗೇಗೌಡರು ರಾಮನಗರದ ಹೆದ್ದಾರಿ ಬದಿಯಲ್ಲಿ 15 ಎಕರೆಯಲ್ಲಿ ಕಟ್ಟಿ, 1994ರಲ್ಲಿ ತೆರೆದ ಜಾನಪದ ಲೋಕ ಮತ್ತು ಸಂಗೀತ ನಿರ್ದೇಶಕ ಹಂಸಲೇಖ ಅವರು ಚನ್ನಪಟ್ಟಣದ ಬಳಿ ದೇಸಿ ಕಲಿಕೆಗಾಗಿ ಆರಂಭಿಸಿದ ಸಂಸ್ಥೆ, ರಾಜಧಾನಿಯಿಂದ ಇತ್ತ ಕಡೆಗೂ ಸಂಗೀತ ಬರಬಹುದೆಂದು ನಂಬಿದ ಇಬ್ಬರ ಪ್ರಯತ್ನಗಳು. ಬಿಡದಿಯಲ್ಲಿ ಉಪನಗರ ಕಟ್ಟಲು ಹೊರಟಿರುವ ಸರ್ಕಾರದ ನಕ್ಷೆಯಲ್ಲಿ ರಸ್ತೆ, ನಿವೇಶನಗಳ ಜೊತೆಗೆ ಒಂದು ಸಂಗೀತ ಸಭಾಂಗಣಕ್ಕೂ ಜಾಗ ಗುರುತಿಸಬೇಕೆಂದು ಇಲ್ಲಿನ ಕಲಾವಿದರು ಈಗಲೇ ಕೇಳಬೇಕು. ಕಟ್ಟಡಗಳು ಎದ್ದ ಮೇಲೆ ಕೇಳಿದರೆ ಸಿಗುವುದು ಪಾರ್ಕಿಂಗ್ ಜಾಗದ ಮೂಲೆ.

ಮುದ್ರಣದ ಸಲಕರಣೆ ಕೈಗೆಟಕುವಂತಾಗಿರುವ ಕಾಲದಲ್ಲಿ ಹಾಡುಗಾರರು ಮನೆಯಲ್ಲೇ ಹಾಡಿ, ಊರಿನಿಂದಲೇ ಜಗತ್ತಿಗೆ ಕಳಿಸಬಹುದು. ಆಗ ಅವರನ್ನು ಕಾಯುವುದು ಕಾನೂನು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಚಿತ್ರದಲ್ಲಿ ಅಥವಾ ಧ್ವನಿಮುದ್ರಿಕೆಯಲ್ಲಿ ಸೇರಿದ ಹಾಡು ಚಿತ್ರಮಂದಿರದಾಚೆ ಬಳಕೆಯಾದಾಗ, ಅದನ್ನು ಬರೆದವರಿಗೂ ರಾಗ ಹಾಕಿದವರಿಗೂ ಗೌರವಧನದಲ್ಲಿ, ಅಂದರೆ ರಾಯಲ್ಟಿಯಲ್ಲಿ, ಹಕ್ಕು ಪಡೆದವರ ಜೊತೆ ಸಮಪಾಲಿದೆ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕಲ್ಲದೆ ಬೇರೆ ಯಾರಿಗೂ ಆ ಹಕ್ಕನ್ನು ಬರೆದುಕೊಡಲು ಬರುವುದಿಲ್ಲ, ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ವಾಣಿಜ್ಯ ಬಳಕೆಯಾದಾಗ ಹಾಡಿದವರಿಗೂ ಪಾಲಿದೆ. ಹೊಸ ಹಾಡುಗಾರರ ಮುಂದೆ ಹತ್ತು ಸಾವಿರ ರೂಪಾಯಿ ಇಟ್ಟು ಎಲ್ಲ ಹಕ್ಕುಗಳಿಗೂ ಸಹಿ ಕೇಳುವ ಕರಾರುಪತ್ರ ಬೆಂಗಳೂರಿನ ಕೋಣೆಯಲ್ಲಿ ಬಂದರೂ, ಮಾಗಡಿಯ ಮನೆಗೆ ಅಂಚೆಯಲ್ಲಿ ಬಂದರೂ, ಈ ಕಲಮುಗಳು ಎರಡೂ ಕಡೆ ಒಂದೇ ರೀತಿ ಅನ್ವಯಿಸುತ್ತವೆ.